ಮಾಗಿಯ ಮಂಜನ್ನು ಎಣ್ಣೆಬಣ್ಣದಲ್ಲಿ ಹಿಡಿಯುವುದು

ಡಿಸೆಂಬರಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಬೆಳಗ್ಗೆ ಏಳಕ್ಕೆ ಅಂಗಳದಾಚೆಯ ಅಡಿಕೆ ತೋಟವೂ ಕಾಣುವುದಿಲ್ಲ. ಅದನ್ನು ಬಿಡಿಸಲು ಹೊರಟಾಗ ಬರೀ ಬಿಳಿ ಬಳಿದು ಮೂರು ಕ್ಯಾನ್ವಾಸ್ ಕಳೆದುಕೊಂಡೆ. ಮಂಜು ಬಿಳಿಯಲ್ಲ, ಬೂದು.

ಅಲ್ಟ್ರಾಮರೀನ್ ನೀಲಿಗೆ ಕೆಂಗಂದು ಬಣ್ಣದ ಬರ್ಂಟ್ ಸಿಯೆನ್ನಾ ಬೆರೆಸಿ, ಟೈಟಾನಿಯಂ ಬಿಳಿ ಸೇರಿಸುತ್ತ ನಾಲ್ಕು ಬಗೆಯ ಬೂದು ಮಾಡಿಟ್ಟುಕೊಳ್ಳಿ. ದೂರದ ಗುಡ್ಡಕ್ಕೆ ನೀಲಿ ಹೆಚ್ಚಿರುವ ತಿಳಿ ಬೂದು, ಹತ್ತಿರದ ಹೆಂಚಿನ ಮಾಡಿಗೆ ಸಿಯೆನ್ನಾ ಹೆಚ್ಚಿರುವುದು. ಫ್ರೆಂಚ್ ಚಿತ್ರಕಾರ ಮೋನೆ 1868-69ರಲ್ಲಿ ಬಿಡಿಸಿದ ‘ದಿ ಮ್ಯಾಗ್‌ಪೈ’ ನೋಡಿ, ಹಿಮದ ಮೇಲಿನ ನೆರಳೆಲ್ಲ ನೀಲಿ. ನನಗೆ ಕಣ್ಣು ತೆರೆಸಿದ್ದು ಅದೇ.

ಮೊದಲ ಪದರದ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ, ಮೇಲಿನವಕ್ಕೆ ಅಗಸೆ ಎಣ್ಣೆ. ತಿರುವುಮುರುವಾದರೆ ಬಣ್ಣ ಬಿರಿಯುತ್ತದೆ. ಟರ್ಪೆಂಟೈನ್ ಆವಿ ಹೋಗಲು ಕಿಟಕಿ ತೆರೆದಿರಲಿ.

ಮರಗಳ ಅಂಚು ಹಸಿಯಿರುವಾಗಲೇ ಒಣ ಬ್ರಷ್ಷಿನಿಂದ ಮೆಲ್ಲಗೆ ಸವರಿ, ಗೆರೆ ಕರಗಬೇಕು. ಬುಡಕ್ಕಿಂತ ತುದಿ ಮಸುಕಾಗಿರಲಿ.

ಇನ್ನು ಬಚ್ಚಲೊಲೆಯ ಹೊಗೆ. ಇದಕ್ಕೇ ನಾನು ಅರ್ಧ ದಿನ ಇಡುತ್ತೇನೆ. ಚಳಿಯ ಬೆಳಗಿನಲ್ಲಿ ಅದು ನೆಟ್ಟಗೆ ಏರುವುದಿಲ್ಲ, ಸ್ವಲ್ಪ ಎದ್ದು ಮಾಡಿನ ಮೇಲೇ ಚಾಪೆಯಂತೆ ಹರಡುತ್ತದೆ. ಕಪ್ಪು ತೋಟದ ಮುಂದೆ ಹೊಗೆ ನೀಲಿ, ಬೆಳಕಿನ ಆಕಾಶದ ಮುಂದೆ ಕಂದು. ಒಂದೇ ಹೊಗೆಗೆ ಎರಡೂ ಬಣ್ಣ ಬೇಕು.

ಬೆಚ್ಚನೆಯ ಬಣ್ಣ ಒಂದೇ ಕಡೆ ಸಾಕು: ಅಡಿಕೆ ಬೇಯಿಸುವ ಹಂಡೆಯ ಕೆಳಗಿನ ಬೆಂಕಿ. ಕ್ಯಾಡ್ಮಿಯಂ ಕಿತ್ತಳೆಯ ಎರಡು ಚುಕ್ಕೆ, ಕೊನೆಯಲ್ಲಿ, ದಪ್ಪಗೆ. ವಾರ್ನಿಷ್‌ಗೆ ಆರು ತಿಂಗಳು ಕಾಯಿರಿ.