ನೆಟ್ ಇಲ್ಲದ ಕಂಪ್ಯೂಟರ್‌ನಲ್ಲೇ ಫೋಟೋ ಫೈಲ್ ಬದಲಿಸುವುದು: ನನ್ನ ಅನುಭವ

ಹಳೆಯ ಕ್ರಯಪತ್ರ, ಪಾಲುಪಟ್ಟಿ, ಮದುವೆ ಫೋಟೋಗಳನ್ನು ಸ್ಕ್ಯಾನ್ ಮಾಡಿ ಇಡುವ ಕೆಲಸ ಮಾಡುತ್ತೇನೆ. ಅದಕ್ಕೆಂದೇ ಇಟ್ಟಿರುವ ಕಂಪ್ಯೂಟರ್‌ಗೆ ನೆಟ್ ಕೊಟ್ಟಿಲ್ಲ, ಬೇಕಂತಲೇ. ಫೋಟೋ ಫೈಲನ್ನು ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಿಸಿ ಕೊಡುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಆದರೆ ಹೆಚ್ಚಿನ ಕಡೆ ನಮ್ಮ ಫೈಲ್ ಬೇರೆ ಯಾರದೋ ಕಂಪ್ಯೂಟರ್‌ಗೆ ಹೋಗಿ, ಅಲ್ಲಿ ಬದಲಾಗಿ ವಾಪಸ್ ಬರುತ್ತದೆ. ಆಸ್ತಿ ಕಾಗದ, ಆಧಾರ್ ಕಾರ್ಡನ್ನೆಲ್ಲ ಹಾಗೆ ಕಳಿಸಲು ನನಗೆ ಮನಸ್ಸಿಲ್ಲ. ಕಳಿಸುವ ಅಗತ್ಯವೂ ಇಲ್ಲ.

ಒಂದೆರಡು ಚಿತ್ರ ಆದರೆ ವಿಂಡೋಸ್‌ನ ಪೇಂಟ್ ಸಾಕು. ತೆರೆದು, ‘ಸೇವ್ ಆ್ಯಸ್’ ಒತ್ತಿ, ಜೆಪೆಗ್ (ಕುಗ್ಗಿಸಿ ಚಿಕ್ಕದಾಗಿ ಇಡುವ ಫೋಟೋ ಫೈಲ್) ಆರಿಸಿದರೆ ಮುಗಿಯಿತು. ರಾಶಿ ಇದ್ದಾಗ ನಾನು ಬಳಸುವುದು ಇರ್ಫಾನ್‌ವ್ಯೂ. ಇರ್ಫಾನ್ ಸ್ಕಿಲ್ಯಾನ್ ಎಂಬವರು 1996ರಲ್ಲಿ ಹೊರತಂದ ಪುಟ್ಟ ತಂತ್ರಾಂಶ ಇದು, ಮನೆ ಬಳಕೆಗೆ ಉಚಿತ. ನೆಟ್ ಇರುವ ಕಡೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದೆ. ಇದರ ಪ್ಲಗಿನ್‌ಗಳು, ಅಂದರೆ ಹೆಚ್ಚುವರಿ ಸೌಲಭ್ಯ ಕೊಡುವ ತುಣುಕುಗಳು, ಬೇರೆ ಫೈಲ್‌ನಲ್ಲಿ ಬರುತ್ತವೆ. ತಂತ್ರಾಂಶ, ಪ್ಲಗಿನ್ ಎರಡೂ 32 ಬಿಟ್ ಅಥವಾ ಎರಡೂ 64 ಬಿಟ್ ಆವೃತ್ತಿಯೇ ಆಗಿರಬೇಕು. ಅಲ್ಲೇ ನೋಡಿಕೊಂಡು ತಂದರೆ ಮತ್ತೊಂದು ಓಡಾಟ ತಪ್ಪುತ್ತದೆ.

ಸ್ಕ್ಯಾನ್ ಮಾತ್ರ ನಾನು ಯಾವಾಗಲೂ ವಿವರ ಕಳೆಯದೆ ಇಡುವ ಟಿಫ್ ಬಗೆಯ ಫೈಲ್‌ನಲ್ಲೇ ಮಾಡುವುದು. 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ತೆಗೆದ ಬಣ್ಣದ ಎ4 ಹಾಳೆ ಅಂದರೆ 2480 x 3508 ಪಿಕ್ಸೆಲ್. ಏನೂ ಕುಗ್ಗಿಸದೆ ಇಟ್ಟರೆ ಒಂದೊಂದು ಪುಟವೂ ಸುಮಾರು 25 ಎಂಬಿ. ಅಷ್ಟು ದೊಡ್ಡದನ್ನು ಮನೆಮಂದಿಗೆಲ್ಲ ಹಂಚಲು ಆಗುವುದಿಲ್ಲವಲ್ಲ, ಅದಕ್ಕೆ ಜೆಪೆಗ್ ನಕಲು ಬೇಕು.

ಇರ್ಫಾನ್‌ವ್ಯೂ ತೆರೆದು ಕೀಬೋರ್ಡ್‌ನಲ್ಲಿ ‘ಬಿ’ ಒತ್ತಿದರೆ ಹಲವು ಫೈಲ್ ಒಟ್ಟಿಗೆ ಬದಲಿಸುವ ಬ್ಯಾಚ್ ಕಿಟಕಿ ಬರುತ್ತದೆ. ಇಡೀ ಫೋಲ್ಡರ್ ಸೇರಿಸಿ, ಜೆಪೆಗ್ ಆರಿಸಿ, ಗುಣಮಟ್ಟ 85ಕ್ಕೆ ಇಡುತ್ತೇನೆ. ನಕಲು ಹೋಗಿ ಬೀಳಲು ಬೇರೆಯದೇ ಫೋಲ್ಡರ್ ತೋರಿಸುತ್ತೇನೆ. ಮೂಲ ಫೈಲ್ ಅಳಿಸುವ ಆಯ್ಕೆಯೂ ಅಲ್ಲೇ ಇದೆ, ಅದಕ್ಕೆ ಟಿಕ್ ಹಾಕಲೇಬೇಡಿ. ಜೆಪೆಗ್ ಆಗುವಾಗ ಹೋದ ವಿವರ ಟಿಫ್‌ಗೆ ತಿರುಗಿಸಿದರೂ ಮರಳಿ ಬರುವುದಿಲ್ಲ.

ಏನು ಹೋಗುತ್ತದೆ ಅಂತ ನೋಡಬೇಕಾದರೆ ಛಾಪಾ ಕಾಗದದ ಮೇಲಿನ ಕೆಂಪು ಸೀಲನ್ನು ದೊಡ್ಡದು ಮಾಡಿ ನೋಡಿ. ಟಿಫ್‌ನಲ್ಲಿ ಅಂಚು ಚೊಕ್ಕ ಇರುತ್ತದೆ. ಗುಣಮಟ್ಟ 40, 50ಕ್ಕೆ ಇಳಿಸಿದ ಜೆಪೆಗ್‌ನಲ್ಲಿ ಅಕ್ಷರಗಳ ಸುತ್ತ ಸಣ್ಣ ಸಣ್ಣ ಧೂಳಿನಂಥ ಚುಕ್ಕೆ ಏಳುತ್ತವೆ, ಕೆಂಪು ಬಣ್ಣ ಹೊರಗೆ ಹರಡಿಕೊಳ್ಳುತ್ತದೆ. ಜೆಪೆಗ್ ಸಾಮಾನ್ಯವಾಗಿ ಬೆಳಕು–ನೆರಳಿನ ವಿವರ ಉಳಿಸಿಕೊಂಡು ಬಣ್ಣದ ವಿವರವನ್ನು ಜಾಸ್ತಿ ಕತ್ತರಿಸುವುದರಿಂದ ಹೀಗಾಗುತ್ತದೆ. ಜೆಪೆಗ್ ಆಯ್ಕೆಗಳಲ್ಲಿ ‘ಕ್ರೋಮಾ ಸಬ್‌ಸ್ಯಾಂಪ್ಲಿಂಗ್’ (ಬಣ್ಣದ ವಿವರ ಕತ್ತರಿಸುವುದು) ಬೇಡ ಅನ್ನುವ ಟಿಕ್ ಇದೆ. ಸೀಲು, ಹೆಬ್ಬೆಟ್ಟಿನ ಗುರುತು ಇರುವ ಹಾಳೆಗೆ ಅದನ್ನು ಹಾಕುತ್ತೇನೆ. ಫೈಲ್ ಸ್ವಲ್ಪ ದೊಡ್ಡದಾದರೂ ಪರವಾಗಿಲ್ಲ, ಸೀಲು ಓದಲು ಬರಬೇಕು.

ಐಫೋನ್ ಇರುವವರು ತರುವ ಫೋಟೋಗಳು ಬೇರೆ ಥರ. 2017ರಲ್ಲಿ ಬಂದ ಐಒಎಸ್ 11ರಿಂದ ಈಚೆಗೆ ಅವು ಸಾಮಾನ್ಯವಾಗಿ ಎಚ್‌ಇಐಸಿ ಎಂಬ ಬೇರೆ ಬಗೆಯ ಫೈಲ್ ಆಗಿ ಉಳಿಯುತ್ತವೆ, ಹಳೆಯ ವಿಂಡೋಸ್‌ನಲ್ಲಿ ತೆರೆಯುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್‌ಗೆ ಹೋಗಿ, ಕಂಪ್ಯೂಟರ್‌ಗೆ ಕಳಿಸುವ ಕಡೆ ‘ಆಟೋಮ್ಯಾಟಿಕ್’ ಇಟ್ಟು ಕೇಬಲ್ ಹಾಕಿದರೆ, ಬರುವಾಗಲೇ ಜೆಪೆಗ್ ಆಗಿ ಬರುತ್ತವೆ.

ಸುಮ್ನೆ ಫೈಲ್ ಹೆಸರಿನ ಬಾಲ (.jpg ಥರದ್ದು) ಬದಲಿಸಿ ತರುವವರೂ ಇದ್ದಾರೆ. ಅದರಿಂದ ಒಳಗಿನದು ಬದಲಾಗುವುದಿಲ್ಲ. ಅನುಮಾನ ಬಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡುತ್ತೇನೆ. ಅರ್ಥವಾಗದ ಚಿಹ್ನೆಗಳ ನಡುವೆ, ಮೊದಲ ಸಾಲಿನಲ್ಲೇ ‘ಪಿಎನ್‌ಜಿ’ ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ, ಹೆಸರು ಏನೇ ಇರಲಿ, ಅದು ಪಿಎನ್‌ಜಿ ಎಂಬ ಇನ್ನೊಂದು ಬಗೆಯ ಚಿತ್ರದ ಫೈಲೇ. ಏನೂ ಸೇವ್ ಮಾಡದೆ ನೋಟ್‌ಪ್ಯಾಡ್ ಮುಚ್ಚಿ, ಹೆಸರು ಸರಿಮಾಡಿ, ಆಮೇಲೆ ಬ್ಯಾಚ್‌ಗೆ ಸೇರಿಸುತ್ತೇನೆ.