ಮೈಸೂರಲ್ಲಿ ಸ್ಕಾ-ಪಂಕ್ ಬ್ಯಾಂಡ್ ಕಟ್ಟೋದು ಹೇಗೆ

ಸ್ಕಾ ಅನ್ನೋ ಕುಣಿತದ ಸಂಗೀತಕ್ಕೆ ಪಂಕ್ ರಾಕ್‌ನ ಅಬ್ಬರ, ವೇಗ ಸೇರಿದರೆ ಸ್ಕಾ-ಪಂಕ್. ಮೊದಲು ಟ್ರಂಪೆಟ್ ಊದುವವರನ್ನು ಹುಡುಕಿ. ಗಿಟಾರ್ ಹುಡುಗರು ಕುವೆಂಪುನಗರದಲ್ಲೇ ಬೇಕಾದಷ್ಟು ಸಿಗ್ತಾರೆ. ನಮಗೆ ಟ್ರಂಪೆಟ್ ಅಣ್ಣ ಸಿಕ್ಕಿದ್ದು ಅಗ್ರಹಾರದ ಮದುವೆ ಮೆರವಣಿಗೆಯಲ್ಲಿ. ಅವರಿಗೆ ನೋಟೇಶನ್ ಬೇಡ, ಒಂದು ಸಲ ಕೇಳಿದರೆ ಸಾಕು.

1950ರ ದಶಕದ ಕೊನೆಗೆ ಜಮೈಕಾದಲ್ಲಿ ಹುಟ್ಟಿದ ಸ್ಕಾದ ಜೀವ ಇರೋದು ಎರಡು ಏಟುಗಳ ನಡುವೆ. ‘ಒಂದು-ಮತ್ತೆ, ಎರಡು-ಮತ್ತೆ’ ಅಂತ ಎಣಿಸಿ. ‘ಮತ್ತೆ’ಗೆ ಮಾತ್ರ ಗಿಟಾರ್ ತಂತಿಯನ್ನು ಕೆಳಗಿಂದ ಮೇಲಕ್ಕೆ ಮೀಟಿ. ಮೀಟಿದ ಕೂಡಲೇ ಎಡಗೈ ಬೆರಳು ಸಡಿಲಿಸಿ, ಸದ್ದು ಅಲ್ಲೇ ನಿಲ್ಲಬೇಕು. ನನಗೆ ಇದಕ್ಕೇ ಎರಡು ತಿಂಗಳು ಹಿಡಿಯಿತು. ಅವಸರ ಮಾಡಬೇಡಿ.

ಪಲ್ಲವಿಗೆ ಗಿಟಾರ್ ಸದ್ದನ್ನು ಒರಟು ಮಾಡೋ ಡಿಸ್ಟಾರ್ಶನ್ ಪೆಡಲ್ ಒತ್ತಿ, ಪಂಕ್ ವೇಗಕ್ಕೆ ಹಾರಿ. 1987ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ ಆಪರೇಶನ್ ಐವಿ ಬ್ಯಾಂಡ್ ಕೇಳಿದರೆ ಈ ಜಿಗಿತ ಗೊತ್ತಾಗುತ್ತೆ.

ರೆಕಾರ್ಡ್ ಕಂಪನಿಗೆ ಕಾಯಬೇಡಿ. ನಾವು ಮೊದಲ ಹಾಡನ್ನು ಮಹಡಿ ಮೇಲೆ, ಫೋನಲ್ಲೇ ರೆಕಾರ್ಡ್ ಮಾಡಿದ್ವಿ. ಹಾಡಿನ ಮಾತು ಮಾತ್ರ ನಮ್ಮ ಕನ್ನಡದಲ್ಲೇ ಇರಲಿ.