ಲೈವ್ ಕ್ಲಾಸ್ ಬಿಟ್ಟ ಮೇಲೆ ಮಕ್ಕಳು ಸಿಕ್ಕರು

"ಗಣಿತಾನ ಫೋನಲ್ಲಿ ಕಲಿಸ್ತಾರಂತೆ!" ಎಂದು ನಕ್ಕವರೇ ವರ್ಷದ ಕೊನೆಗೆ ಬಂದು, ಹೇಗೆ ಮಾಡಿದಿರಿ ಎಂದು ಕೇಳಿದರು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ನನ್ನ ಹತ್ತಿರ ಇದ್ದದ್ದು 8ನೇ ತರಗತಿ, 43 ಮಕ್ಕಳು. ಎಲ್ಲರೂ ಮಾಡಿದ ತಪ್ಪನ್ನೇ ನಾನೂ ಮಾಡಿದೆ. ಟೈಮ್‌ಟೇಬಲನ್ನು ಹಾಗೇ ಎತ್ತಿ ಜೂಮ್‌ಗೆ ಹಾಕಿದೆ. ಪುಕ್ಕಟೆ ಖಾತೆಯಲ್ಲಿ ಸಿಗುವುದು 40 ನಿಮಿಷ. ಅದರಲ್ಲಿ "ಕೇಳಿಸ್ತಿದೆಯಾ?" ಅನ್ನುವುದಕ್ಕೇ ಹತ್ತು ಹೋಗುತ್ತಿತ್ತು, ಹಾಜರಿಗೆ ಐದು. ಮೊದಲ ದಿನ ಮೂವತ್ತು ಚಿಲ್ಲರೆ ಮಕ್ಕಳಿದ್ದರು, ಮೂರನೇ ವಾರಕ್ಕೆ ಹದಿನಾಲ್ಕು. ಅದೂ ಬರೀ ಹೆಸರು, ಮುಖ ಇಲ್ಲ. ಒಬ್ಬನನ್ನು ಮೂರು ಸಲ ಕರೆದ ಮೇಲೆ ಅವನ ಅಮ್ಮ ಬಂದು "ಅವ್ನು ಸ್ನಾನಕ್ಕೆ ಹೋಗಿದ್ದಾನೆ ಮಿಸ್" ಅಂದರು.

ತಪ್ಪು ಸಾಮಾನಿನದ್ದು ಅಂದುಕೊಂಡೆ. ರಿಂಗ್ ಲೈಟು, ಬರೆದದ್ದು ಸ್ಕ್ರೀನಿನಲ್ಲಿ ಮೂಡುವ ಪೆನ್ ಟ್ಯಾಬ್ಲೆಟ್ಟು, ಒಳ್ಳೆಯ ಮೈಕು ತಂದೆ. ಹತ್ತಿರ ಹತ್ತಿರ ಅರ್ಧ ತಿಂಗಳ ಸಂಬಳ. ಟ್ಯಾಬ್ಲೆಟ್ಟಿನಲ್ಲಿ ಕೈ ಒಂದು ಕಡೆ, ಕಣ್ಣು ಒಂದು ಕಡೆ. ನಾನು ಬರೆದ 7 ಮಕ್ಕಳಿಗೆ 1ರ ಹಾಗೆ ಕಾಣುತ್ತಿತ್ತು. ಕೊನೆಗೆ ಎರಡು ರಾಶಿ ಪುಸ್ತಕದ ಮೇಲೆ ಸ್ಕೇಲ್ ಅಡ್ಡ ಇಟ್ಟು, ಅದರ ಮೇಲೆ ಫೋನ್ ಮಲಗಿಸಿ, ಕೆಳಗೆ ನೋಟ್‌ಬುಕ್ ಇಟ್ಟೆ. ಖರ್ಚು ಸೊನ್ನೆ. ಟ್ಯಾಬ್ಲೆಟ್ ಅರ್ಧ ಬೆಲೆಗೆ ಹೋಯಿತು.

ನಿಜವಾದ ತೊಂದರೆ ಬೇರೆಯೇ ಇತ್ತು. ಎಷ್ಟೋ ಮನೆಗಳಲ್ಲಿ ಇದ್ದ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗಿ ಸಂಜೆಗೆ ವಾಪಸ್ ಬರುತ್ತಿತ್ತು. ಬೆಳಿಗ್ಗೆ 10 ಗಂಟೆಗೆ ಕ್ಲಾಸ್ ಇಟ್ಟರೆ ಯಾರು ಬರಬೇಕು?

ಹಾಗಾಗಿ ಲೈವ್ ಬಿಟ್ಟೆ. ದಿನಕ್ಕೆ 5 ನಿಮಿಷದ ಒಂದು ವಾಯ್ಸ್ ಮೆಸೇಜ್, ಜೊತೆಗೆ ಒಂದು ಪುಟದ ಫೋಟೋ. ಎರಡೂ ಸೇರಿ ಒಂದೆರಡು ಎಂಬಿ. ಅದೇ ಒಂದು ತಾಸಿನ ವಿಡಿಯೋ ನೂರಾರು ಎಂಬಿ ತಿನ್ನುತ್ತದೆ. ರಾತ್ರಿ ಎಷ್ಟು ಹೊತ್ತಿಗೆ ಬೇಕಾದರೂ ಕೇಳಲಿ ಎಂದು ಬಿಟ್ಟೆ.

ಇದರ ಮೇಲೆ ಸಂಜೆ ಕರೆ. ಮಾಮೂಲಿ ಕಾನ್ಫರೆನ್ಸ್ ಕಾಲ್‌ಗೆ ನನ್ನ ಜೊತೆ ಐದೇ ಜನ ಸೇರಿಸಲು ಆಗುತ್ತಿತ್ತು, ಅದಕ್ಕೇ ಐದರ ಗುಂಪು. ಕೀಪ್ಯಾಡ್ ಫೋನಿದ್ದವರೂ ಬಂದರು. ದಿನಕ್ಕೆ ಮೂರು ಗುಂಪು, ಗುಂಪಿಗೆ 15 ನಿಮಿಷ. ವಾರಕ್ಕೆ ಎರಡು ಸಲ ಎಲ್ಲ ಗುಂಪಿನ ಸರದಿಯೂ ಬರುತ್ತಿತ್ತು. ಐದು ಜನರಲ್ಲಿ ಯಾರೂ ಅಡಗಿಕೊಳ್ಳಲು ಆಗುವುದಿಲ್ಲ. ಯಾರ ಜೊತೆ ಯಾರನ್ನು ಹಾಕಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅಂಕ ನೋಡಿ ಅಲ್ಲ, ರೋಲ್ ನಂಬರ್ ನೋಡಿಯೂ ಅಲ್ಲ, ಅಷ್ಟೇ.

ಒಂದು ರಾತ್ರಿ ವಾಯ್ಸ್ ಮೆಸೇಜಿನಲ್ಲಿ ಮೈನಸ್ ಚಿಹ್ನೆ ಬಿಟ್ಟು ಲೆಕ್ಕ ಮುಗಿಸಿಬಿಟ್ಟಿದ್ದೆ. ಬೆಳಗಾಗುವುದರೊಳಗೆ ಹನ್ನೊಂದು ಮಕ್ಕಳಿಂದ "ಮಿಸ್, ತಪ್ಪು!" ಎಂದು ಉತ್ತರ. ಜೂಮ್‌ನಲ್ಲಿ ತಿಂಗಳಿಡೀ ಅಷ್ಟು ಬಾಯಿ ತೆರೆದಿರಲಿಲ್ಲ. ಅಲ್ಲಿಂದ ವಾರಕ್ಕೊಂದು ಲೆಕ್ಕ ಬೇಕಂತಲೇ ತಪ್ಪು ಮಾಡತೊಡಗಿದೆ. ರೇಖಾಗಣಿತವನ್ನೂ ಬರೀ ಮಾತಿನಲ್ಲಿ ಕಲಿಸಲು ಹೋದೆ, ಅದು ತೋಪಾಯಿತು. ನಾನು ಹೇಳಿದ್ದು ತ್ರಿಭುಜ, ಬಂದದ್ದು ದೋಣಿ.

ವರ್ಷದ ಕೊನೆಗೆ ಸುಮಾರು 38 ಮಕ್ಕಳು ಜೊತೆಗಿದ್ದರು. ಶಾಲೆ ತೆರೆದ ಮೇಲಿನ ಪರೀಕ್ಷೆಯಲ್ಲಿ ಬೀಜಗಣಿತ ಚೆನ್ನಾಗಿತ್ತು, ರೇಖಾಗಣಿತ ಕೇಳಬೇಡಿ. ಮೂವರಂತೂ ಕೊನೆಯವರೆಗೂ ಸಿಗಲೇ ಇಲ್ಲ. ಅದು ಈಗಲೂ ಚುಚ್ಚುತ್ತದೆ.

ಇದೇ ವಿಧಾನವನ್ನು ಒಂದನೇ ತರಗತಿಗೆ ಹಾಕಿ ನೋಡಿದ ಸಹೋದ್ಯೋಗಿಯೊಬ್ಬರು ಎರಡೇ ವಾರಕ್ಕೆ ಕೈಬಿಟ್ಟರು. ಕೈ ಹಿಡಿದು ಅಕ್ಷರ ತಿದ್ದಿಸುವುದು ಫೋನಿನಿಂದ ಆಗುತ್ತದೆಯೇ? ಡೆನ್ಮಾರ್ಕ್ 2020ರ ಏಪ್ರಿಲ್ 15ರಂದು ಶಾಲೆ ತೆರೆಯಲು ಶುರು ಮಾಡಿದಾಗ ಸಣ್ಣ ಮಕ್ಕಳನ್ನೇ ಮೊದಲು ಕರೆಯಿತು. ಸರಿಯಾದ ಕ್ರಮ ಅದೇ ಅಂತ ನನಗನ್ನಿಸುತ್ತದೆ. ಮುಚ್ಚಲೇಬೇಕಾಗಿ ಬಂದರೆ ದೊಡ್ಡವರನ್ನು ಫೋನಿಗೆ ಬಿಡಿ, ಚಿಕ್ಕವರಿಗೆ ಆದಷ್ಟು ಬೇಗ ಬಾಗಿಲು ತೆಗೆಯಿರಿ.

ಈಗ ಮತ್ತೆ ಬೋರ್ಡು, ಚಾಕ್‌ಪೀಸು. ವಾರಕ್ಕೊಂದು ತಪ್ಪು ಲೆಕ್ಕ ಮಾತ್ರ ಬಿಟ್ಟಿಲ್ಲ. ಮಕ್ಕಳು ಕೆಲವು ವಾರ ಎರಡು ಹಿಡಿಯುತ್ತಾರೆ. ಎರಡನೆಯದನ್ನೂ ಬೇಕಂತಲೇ ಮಾಡಿದ್ದು ಎಂದು ಹೇಳಿಬಿಡುತ್ತೇನೆ.